ತಿಮಿಂಗಿಲ ತಪ್ಪಿಸಿಕೊಂಡಿಲ್ಲ

ಎಲ್ಲಾದರೂ ಲೋಕಾಯುಕ್ತ ದಾಳಿಯೋ ಹಗರಣದ ತನಿಖೆಯೋ ನಡೆದರೆ ಮರುದಿನ ನಮ್ಮ ಕಡೆಯ ಚಹಾದಂಗಡಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಸಣ್ಣ ಮೀನು ಬಲೆಗೆ ಬಿದ್ದವು, ತಿಮಿಂಗಿಲ ತಪ್ಪಿಸಿಕೊಂಡಿತು.’ ಪತ್ರಿಕೆಗಳ ತಲೆಬರಹದಲ್ಲೂ ಇದೇ ಮಾತು. ಕನ್ನಡದಲ್ಲಿ ತಿಮಿಂಗಿಲ ಎಂದರೆ ಯಾರ ಕೈಗೂ ಸಿಗದ, ಎಲ್ಲವನ್ನೂ ನುಂಗುವ ಬಲಾಢ್ಯ. ತಿಮಿ ಎಂಬ ಮಹಾಮೀನನ್ನೇ ನುಂಗುವಂಥದು ಎಂದೇ ಆ ಹೆಸರಿನ ಅರ್ಥ. ಕಡಲಿನಲ್ಲಿ ನಡೆದದ್ದು ಇದಕ್ಕೆ ತೀರ ತದ್ವಿರುದ್ಧ. ಅಲ್ಲಿ ಬೇಟೆಗಾರರು ಮೊದಲು ಬೆನ್ನು ಹತ್ತಿದ್ದು ದೊಡ್ಡವನ್ನೇ. ಅತಿ ದೊಡ್ಡದಾದ ನೀಲಿ ತಿಮಿಂಗಿಲ ಸಿಗದಾದಾಗ ಅದಕ್ಕಿಂತ ಚಿಕ್ಕದಾದ ಫಿನ್ ತಿಮಿಂಗಿಲ, ಅದೂ ಕಡಿಮೆಯಾದಾಗ ಸೇಯ್, ಕೊನೆಗೆ ಮಿಂಕೆ. ತಿಮಿಂಗಿಲ ತಪ್ಪಿಸಿಕೊಳ್ಳಲಿಲ್ಲ. ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯೇ ಇರಲಿಲ್ಲ. ಅದು ಮೀನಲ್ಲ, ನಮ್ಮಂತೆ ಗಾಳಿ ಉಸಿರಾಡುವ, ಮರಿಗೆ ಹಾಲೂಡುವ ಪ್ರಾಣಿ. ಉಸಿರಿಗಾಗಿ ಮೇಲೆ ಬರಲೇಬೇಕು, ಬಂದಾಗ ಅದರ ಉಸಿರಿನ ಕಾರಂಜಿಯೇ ಬೇಟೆಗಾರನಿಗೆ ಗುರುತು ಹೇಳಿಬಿಡುತ್ತದೆ.

20ನೇ ಶತಮಾನ ಒಂದರಲ್ಲೇ ಮನುಷ್ಯರು ಕೊಂದ ದೊಡ್ಡ ತಿಮಿಂಗಿಲಗಳ ಲೆಕ್ಕ ಸುಮಾರು 29 ಲಕ್ಷ. ನಾರ್ವೆಯ ಸ್ವೆಂಡ್ ಫೋಯ್ನ್ ಎಂಬಾತ 1860ರ ದಶಕದಲ್ಲಿ ಸಿಡಿತಲೆಯ ಹಾರ್ಪೂನನ್ನು ಉಗಿಹಡಗಿನ ಮೂತಿಯ ತೋಪಿಗೆ ಜೋಡಿಸಿದ. ಅಲ್ಲಿಯವರೆಗೆ ದೋಣಿಗಳಿಗೆ ಸಿಗದಷ್ಟು ವೇಗವಾಗಿ ಈಜುತ್ತಿದ್ದ ನೀಲಿ ತಿಮಿಂಗಿಲವೂ ಅಂದಿನಿಂದ ಗುರಿಗೆ ಸಿಕ್ಕಿತು. 1925ರಲ್ಲಿ, ಹಿಂಬದಿಯ ಜಾರುಹಾದಿಯಿಂದ ಇಡೀ ತಿಮಿಂಗಿಲವನ್ನೇ ಮೇಲೆಳೆದುಕೊಳ್ಳುವ ಕಾರ್ಖಾನೆ ಹಡಗು ಬಂತು. ಕೊಲ್ಲುವುದು, ಸುಲಿಯುವುದು, ಕುದಿಸಿ ಎಣ್ಣೆ ತೆಗೆಯುವುದು ಎಲ್ಲವೂ ನಡುಗಡಲಿನಲ್ಲೇ. ಆ ಎಣ್ಣೆ ಸಾಬೂನಾಯಿತು, ಮಾರ್ಗರಿನ್ ಆಯಿತು, ಯಂತ್ರಗಳಿಗೆ ಜಾರೆಣ್ಣೆಯಾಯಿತು, ಅದರಿಂದ ಬಂದ ಗ್ಲಿಸರಿನ್ ಯುದ್ಧದ ಸ್ಫೋಟಕವಾಯಿತು. ದಕ್ಷಿಣ ಧ್ರುವದ ಸುತ್ತಲಿನ ಕಡಲಿನಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ನೀಲಿ ತಿಮಿಂಗಿಲಗಳು ಹೀಗೆ ಹೋದವು. ಕೊಲ್ಲುವುದನ್ನು ನಿಲ್ಲಿಸುವ ಹೊತ್ತಿಗೆ ಅಲ್ಲಿ ಉಳಿದದ್ದು ಕೆಲವೇ ನೂರು. ಭೂಮಿಯ ಮೇಲೆ ಇದುವರೆಗೆ ಬದುಕಿದ ಪ್ರಾಣಿಗಳಲ್ಲೆಲ್ಲ ದೊಡ್ಡದೆನಿಸಿದ ಜೀವವನ್ನು ನಾವು ಸಾಬೂನಿಗಾಗಿ ಬಹುಪಾಲು ಮುಗಿಸಿಬಿಟ್ಟಿದ್ದೆವು.

ಕೊಪ್ಪಳದಲ್ಲಿ ಕೂತು ಇದನ್ನೇಕೆ ಬರೆಯಬೇಕು ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿ 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ ನಮ್ಮದು. ಕಡಲು ನೋಡಬೇಕೆಂದರೆ ಹುಬ್ಬಳ್ಳಿ ದಾಟಿ ಘಟ್ಟ ಇಳಿಯಬೇಕು. ಯಲಬುರ್ಗಾದ ಎರೆಹೊಲದಲ್ಲಿ ಮಳೆಗಾಗಿ ಮೋಡ ನೋಡುತ್ತ ನಿಂತ ರೈತನಿಗೆ ತಿಮಿಂಗಿಲ ಮಕ್ಕಳ ಪಾಠಪುಸ್ತಕದ ಚಿತ್ರ, ಅಷ್ಟೇ. ಜಪಾನೋ ನಾರ್ವೆಯೋ ತನ್ನ ಕಡಲಿನಲ್ಲಿ ಏನು ಮಾಡಿಕೊಂಡರೆ ನಮಗೇನು?

ಆ ರೈತನ ತಲೆಯ ಮೇಲಿನ ಮೋಡದಿಂದಲೇ ಉತ್ತರ ಹೇಳುತ್ತೇನೆ. ನಮ್ಮ ಹೊಲಕ್ಕೆ ಮಳೆ ತರುವ ಮುಂಗಾರು ಗಾಳಿ ನಮ್ಮನ್ನು ಮುಟ್ಟುವ ಮೊದಲು ಅರಬ್ಬಿ ಕಡಲನ್ನು ಕಲಕಿಕೊಂಡು ಬರುತ್ತದೆ. ಒಮಾನ್ ಕರಾವಳಿಯ ಎದುರು ಆ ಗಾಳಿ ಮೇಲಿನ ನೀರನ್ನು ತಳ್ಳಿ, ಆಳದ ತಂಪು ನೀರನ್ನು ಎಬ್ಬಿಸುತ್ತದೆ. ಆ ನೀರಿನೊಂದಿಗೆ ಮೇಲೆ ಬರುವ ಸತ್ವದಿಂದ ಕಣ್ಣಿಗೆ ಕಾಣದ ಸಸ್ಯ, ಸೀಗಡಿಯಂಥ ಹುಳ, ಮೀನು ಎಲ್ಲ ಹುಟ್ಟುತ್ತವೆ. ಈ ಅನ್ನದ ಋಣಕ್ಕೆ ಅಲ್ಲೊಂದು ತಿಮಿಂಗಿಲ ಕುಲ ನೆಲೆ ನಿಂತಿದೆ: ಅರಬ್ಬಿ ಕಡಲಿನ ಗೂನುಬೆನ್ನಿನ ತಿಮಿಂಗಿಲ. ಜಗತ್ತಿನ ಬೇರೆ ಗೂನುಬೆನ್ನಿನ ತಿಮಿಂಗಿಲಗಳು ಉಣ್ಣಲು ಧ್ರುವದ ಕಡೆಗೆ, ಹೆರಲು ಬೆಚ್ಚಗಿನ ಕಡಲಿಗೆ ಎಂದು ಪ್ರತಿವರ್ಷ ಸಾವಿರಾರು ಮೈಲಿ ಓಡಾಡುತ್ತವೆ. ಇದು ಮಾತ್ರ ವರ್ಷವಿಡೀ ಇದೇ ಕಡಲಿನಲ್ಲಿ ಇರುತ್ತದೆ. ಸುಮಾರು 70,000 ವರ್ಷಗಳಿಂದ ಉಳಿದ ಬಳಗದಿಂದ ಬೇರೆಯಾಗಿ ಬಾಳಿದೆ ಎಂದು ಅದರ ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಯಲಬುರ್ಗಾದ ಜೋಳಕ್ಕೂ ಆ ತಿಮಿಂಗಿಲಕ್ಕೂ ಒಂದೇ ಗಾಳಿ ಅನ್ನ ಹಾಕುತ್ತಿದೆ.

ಈ ಕುಲದಲ್ಲಿ ಇಂದು ಉಳಿದಿರುವುದು ನೂರರ ಆಸುಪಾಸು ಎಂದು ಅಂದಾಜು. ಹೀಗಾಗಲು ಒಂದು ದೊಡ್ಡ ಕಾರಣ ದಾಖಲೆಯಲ್ಲಿದೆ. 1960ರ ದಶಕದ ನಡುವೆ ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಎದುರಿನ ಕಡಲಿನಲ್ಲಿ 242 ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಅದು ಕಾನೂನುಬಾಹಿರ ಬೇಟೆ, ಲೆಕ್ಕವನ್ನೂ ಮುಚ್ಚಿಡಲಾಗಿತ್ತು. ಸೋವಿಯತ್ ಒಕ್ಕೂಟ ಕುಸಿದ ಮೇಲೆ, ಆ ಹಡಗುಗಳಲ್ಲಿ ಕೆಲಸ ಮಾಡಿದ ವಿಜ್ಞಾನಿಗಳೇ ಹಳೆಯ ಕಾಗದ ಬಿಚ್ಚಿದಾಗ ಸತ್ಯ ಹೊರಬಂತು. ಒಂದು ಸಲದ ಕೊಲೆಗೆ ಆ ಕುಲ ಅರ್ಧ ಶತಮಾನ ಕಳೆದರೂ ಚೇತರಿಸಿಕೊಂಡಿಲ್ಲ. ಹೆಣ್ಣು ತಿಮಿಂಗಿಲ ಸುಮಾರು ಒಂದು ವರ್ಷ ಬಸುರಿಯಾಗಿದ್ದು ಒಂದೇ ಮರಿ ಹಾಕುತ್ತದೆ, ಮತ್ತೊಂದು ಮರಿಗೆ ಸಾಮಾನ್ಯವಾಗಿ ಎರಡು ಮೂರು ವರ್ಷ. ಕೆಲವು ವಾರದ ಕೊಲೆಯನ್ನು ಹೆರಿಗೆ ಸರಿಗಟ್ಟಲು ಎಷ್ಟು ತಲೆಮಾರು ಬೇಕೆಂದು ಕುರಿ ಸಾಕುವ ಯಾರಾದರೂ ಬೆರಳೆಣಿಸಿ ಹೇಳಬಲ್ಲರು.

2017ರ ನವೆಂಬರಿನಲ್ಲಿ ಒಮಾನ್ ಕಡಲಿನಲ್ಲಿ ವಿಜ್ಞಾನಿಗಳು ಇಂಥ ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸಂಕೇತ ಕಳಿಸುವ ಪುಟ್ಟ ಸಾಧನ ಅಂಟಿಸಿದರು. ಅದರ ಹೆಸರು ಲುಬಾನ್. ನಮ್ಮ ದರ್ಗಾಗಳಲ್ಲಿ ಹಾಕುವ ಲೋಬಾನದ ಹೊಗೆ ಇದೆಯಲ್ಲ, ಅದೇ ಹೆಸರು. ಬಾಲದ ಮೇಲಿನ ಗುರುತು ಲೋಬಾನದ ಮರದಂತೆ ಕಂಡದ್ದಕ್ಕೆ ಹಾಗೆ ಕರೆದರು. ಲುಬಾನ್ ಅರಬ್ಬಿ ಕಡಲನ್ನು ಅಡ್ಡ ಹಾಯ್ದು ಗೋವಾದ ಎದುರು ಬಂದಿತು, ಅಲ್ಲಿಂದ ತೆಂಕಣಕ್ಕೆ ಭಾರತದ ತುದಿಯವರೆಗೆ ಹೋಗಿ ಮತ್ತೆ ಒಮಾನಿಗೆ ಮರಳಿತು. ಗೋವಾದಿಂದ ಕನ್ಯಾಕುಮಾರಿಯತ್ತ ಹೋಗುವ ಯಾವ ಜೀವವೂ ಕಾರವಾರ, ನೇತ್ರಾಣಿ, ಮಲ್ಪೆಗಳ ಎದುರಿನ ನೀರನ್ನು ದಾಟದೆ ಹೋಗಲಾರದು. ಕರ್ನಾಟಕದ ಎದುರಿನ ಕಡಲಿನಲ್ಲಿ ಒಂದು ತಿಮಿಂಗಿಲ ಹಾದುಹೋಯಿತು, ದಡದಲ್ಲಿದ್ದ ನಮಗೆ ಗೊತ್ತೂ ಆಗಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ತೀರ ಅಪಾಯದಲ್ಲಿರುವ ಜೀವಿಗಳ ಚೇತರಿಕೆ ಯೋಜನೆಯಲ್ಲಿ ಈ ತಿಮಿಂಗಿಲವನ್ನೂ ಸೇರಿಸಿತು. ಆದ್ದರಿಂದ ಇದು ಜಪಾನಿನ ಮಾತಷ್ಟೇ ಅಲ್ಲ, ನಮ್ಮ ಕಡಲಿನ, ನಮ್ಮ ಮಳೆಯ ಮಾತು.

ಬೇಟೆ ನಿಲ್ಲಿಸುವ ಕೆಲಸದಲ್ಲಿ ಭಾರತದ ಪಾಲೂ ಇದೆ. ತಿಮಿಂಗಿಲ ಬೇಟೆಯ ಅಂತರರಾಷ್ಟ್ರೀಯ ಆಯೋಗ ಹುಟ್ಟಿದ್ದು 1946ರ ಒಪ್ಪಂದದಿಂದ. ಆಗ ಅದು ಬೇಟೆಯಾಡುವ ದೇಶಗಳು ತಮ್ಮ ಉದ್ಯಮವನ್ನು ಕ್ರಮಕ್ಕೆ ತಂದುಕೊಳ್ಳಲು ಮಾಡಿಕೊಂಡ ಕೂಟ. 1979ರಲ್ಲಿ ಸೆಶೆಲ್ಸ್ ಎಂಬ ಪುಟ್ಟ ದ್ವೀಪರಾಷ್ಟ್ರದ ಪ್ರಸ್ತಾಪದಂತೆ ಹಿಂದೂ ಮಹಾಸಾಗರ ತಿಮಿಂಗಿಲಗಳ ಅಭಯಧಾಮವಾಯಿತು. 1981ರಲ್ಲಿ ಭಾರತ ಆಯೋಗದ ಸದಸ್ಯನಾಯಿತು. ಮರುವರ್ಷ ವ್ಯಾಪಾರಿ ಬೇಟೆಯನ್ನು ತಡೆಹಿಡಿಯುವ ನಿರ್ಣಯ 25 ಮತಗಳಿಂದ ಗೆದ್ದಿತು. ವಿರುದ್ಧ ಬಿದ್ದವು 7 ಮಾತ್ರ. 1986ರಿಂದ ಅದು ಪೂರ್ತಿ ಜಾರಿಗೆ ಬಂತು. ಮನುಷ್ಯರು ಒಟ್ಟಾಗಿ ‘ಸಾಕು’ ಎಂದ ಅಪರೂಪದ ಗಳಿಗೆ ಅದು. ಫಲವೂ ಕಾಣುತ್ತಿದೆ. ಹಲವು ಕಡಲುಗಳಲ್ಲಿ ಗೂನುಬೆನ್ನಿನ ತಿಮಿಂಗಿಲಗಳು ಹೆಚ್ಚಿವೆ, ದಕ್ಷಿಣ ಧ್ರುವದ ನೀಲಿ ತಿಮಿಂಗಿಲಗಳು ನೂರುಗಳಿಂದ ಸಾವಿರಗಳಿಗೆ ಬಂದಿವೆ.

ಆದರೆ ಬೇಟೆ ನಿಂತಿಲ್ಲ. ನಾರ್ವೆ ತಡೆಯನ್ನು ಒಪ್ಪದೆ ಮಿಂಕೆ ತಿಮಿಂಗಿಲಗಳನ್ನು ಕೊಲ್ಲುತ್ತಲೇ ಬಂದಿದೆ. ಜಪಾನ್ ದಶಕಗಳ ಕಾಲ ಸಂಶೋಧನೆಯ ಹೆಸರಿನಲ್ಲಿ ದಕ್ಷಿಣ ಧ್ರುವದ ಕಡಲಿಗೆ ಹಡಗು ಕಳಿಸಿತು. ಆ ಕಾರ್ಯಕ್ರಮ ವಿಜ್ಞಾನಕ್ಕೆಂದು ಕೊಡಬಹುದಾದ ಅನುಮತಿಯ ಚೌಕಟ್ಟಿನಲ್ಲಿಲ್ಲ ಎಂದು 2014ರ ಮಾರ್ಚ್ 31ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪು ಕೊಟ್ಟಿತು. 2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟು, ಜುಲೈ 1ರಿಂದ ತನ್ನ ಕಡಲಿನಲ್ಲಿ ಬಹಿರಂಗವಾಗಿ ವ್ಯಾಪಾರಿ ಬೇಟೆ ಶುರುಮಾಡಿತು. 2024ರಲ್ಲಿ ಹೊಸ ಕಾರ್ಖಾನೆ ಹಡಗನ್ನು ಕಡಲಿಗಿಳಿಸಿ, ನೀಲಿ ತಿಮಿಂಗಿಲದ ನಂತರ ಅತಿ ದೊಡ್ಡದಾದ ಫಿನ್ ತಿಮಿಂಗಿಲವನ್ನೂ ಬೇಟೆಯ ಪಟ್ಟಿಗೆ ಸೇರಿಸಿತು.

ಬೇಟೆಯ ಪರವಾದ ವಾದವನ್ನು ಅದರ ಗಟ್ಟಿ ರೂಪದಲ್ಲೇ ಎದುರಿಸಬೇಕು. ಅವರು ಮೂರು ಮಾತು ಹೇಳುತ್ತಾರೆ. ಒಂದು, ಇದು ನಮ್ಮ ಸಂಸ್ಕೃತಿ, ಕುರಿ ಕೋಳಿ ತಿನ್ನುವವರು ನಮ್ಮ ತಟ್ಟೆಯನ್ನೇಕೆ ನೋಡುತ್ತೀರಿ? ಎರಡು, ಎಲ್ಲ ತಿಮಿಂಗಿಲಗಳೂ ಅಳಿವಿನಂಚಿನಲ್ಲಿಲ್ಲ, ಮಿಂಕೆ ಸಾಕಷ್ಟಿವೆ. ಮೂರು, ಮಿತಿಯಲ್ಲಿ ಕೊಂದರೆ ಹಾನಿಯಿಲ್ಲ.

ಮೊದಲ ಮಾತಿಗೆ ನನ್ನ ಗೌರವವಿದೆ. ಒಬ್ಬರ ಊಟದ ಬಗ್ಗೆ ಇನ್ನೊಬ್ಬರು ತೀರ್ಪು ಕೊಡುವ ಕೆಟ್ಟ ಚಾಳಿಯನ್ನು ನಮ್ಮ ಸಮಾಜದಲ್ಲಿ ಸಾಕಷ್ಟು ಕಂಡಿದ್ದೇವೆ, ಅದನ್ನು ನಾನು ಒಪ್ಪುವುದಿಲ್ಲ. ಅಲಾಸ್ಕಾದ ಆದಿವಾಸಿಗಳು ತಮ್ಮ ಹೊಟ್ಟೆಗಾಗಿ ಆಡುವ ಬೇಟೆಗೆ ಆಯೋಗವೇ ಅವಕಾಶ ಕೊಟ್ಟಿದೆ, ಅದನ್ನು ಈ ಲೇಖನ ಪ್ರಶ್ನಿಸುತ್ತಿಲ್ಲ. ಆದರೆ ಕಾರ್ಖಾನೆ ಹಡಗು ಯಾವ ಹಳ್ಳಿಯ ಸಂಸ್ಕೃತಿಯೂ ಅಲ್ಲ. ಜಪಾನಿನಲ್ಲಿ 1962ರಲ್ಲಿ ಜನ ತಿಂದ ತಿಮಿಂಗಿಲದ ಮಾಂಸ ಎರಡು ಲಕ್ಷ ಟನ್ನಿಗೂ ಮಿಗಿಲು. ಇಂದು ಅದು ಕೆಲವೇ ಸಾವಿರ ಟನ್ನಿಗೆ ಇಳಿದಿದೆ. ಆ ದೇಶದ ಜನರೇ ತಿನ್ನುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಾರೆ. ಉಳಿದಿರುವುದು ಹಸಿವಲ್ಲ, ಉದ್ಯಮ.

ಎರಡನೆಯ, ಮೂರನೆಯ ಮಾತುಗಳಿಗೆ ಇತಿಹಾಸವೇ ಉತ್ತರ. ‘ಸಾಕಷ್ಟಿವೆ, ಮಿತಿಯಲ್ಲಿ ಕೊಲ್ಲುತ್ತೇವೆ’ ಎಂಬ ಮಾತನ್ನು ನೀಲಿ ತಿಮಿಂಗಿಲದ ಕಾಲದಲ್ಲೂ ಹೇಳಿದ್ದರು, ಮಿತಿ ಹಾಕಿದ ಆಯೋಗದ ಕಣ್ಣೆದುರೇ ಅದು ಮುಗಿಯಿತು. ಆ ಆಯೋಗಕ್ಕೆ ಸೋವಿಯತ್ ಹಡಗುಗಳು ತಿಳಿಸದೆ ಕೊಂದ ತಿಮಿಂಗಿಲಗಳು ಸುಮಾರು 1,80,000. ನಡುಗಡಲಿನಲ್ಲಿ ತಕ್ಕಡಿ ಹಿಡಿದು ಕೂರುವವರು ಯಾರು? ಇನ್ನು ನೋವಿನ ಪ್ರಶ್ನೆ. 2022ರಲ್ಲಿ ಐಸ್‌ಲೆಂಡಿನಲ್ಲಿ 148 ಫಿನ್ ತಿಮಿಂಗಿಲಗಳನ್ನು ಕೊಂದರು. ಆ ದೇಶದ ಆಹಾರ ಮತ್ತು ಪಶುವೈದ್ಯ ಅಧಿಕಾರಿಗಳು ಗಮನಿಸಿದ ಬೇಟೆಗಳಲ್ಲಿ ನೂರಕ್ಕೆ 41ರಷ್ಟು ತಿಮಿಂಗಿಲಗಳು ಕೂಡಲೇ ಸಾಯಲಿಲ್ಲ. ಮೈಯೊಳಗೆ ಸಿಡಿಮದ್ದು ಸಿಡಿದ ಮೇಲೂ ನಿಮಿಷಗಟ್ಟಲೆ ಜೀವ ಹಿಡಿದು ಒದ್ದಾಡಿದವು. ಕುರಿ ಕೊಯ್ಯುವವನೂ ಒಪ್ಪದ ಸಾವು ಅದು. ಆ ವರದಿ ಬಂದ ಮೇಲೆ 2023ರ ಬೇಸಗೆಯಲ್ಲಿ ಅಲ್ಲಿನ ಸರ್ಕಾರವೇ ಬೇಟೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು.

ಹಾಗಾದರೆ ಕೊಲ್ಲುವುದಕ್ಕೆ ಬದಲಾಗಿ ಏನು ಎಂಬ ಪ್ರಶ್ನೆಗೆ ಜಗತ್ತು ಕಂಡುಕೊಂಡ ಉತ್ತರ ನೋಡುವುದು. 1955ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಒಬ್ಬರು ತಲೆಗೆ ಒಂದು ಡಾಲರ್ ಪಡೆದು ಜನರನ್ನು ದೋಣಿಯಲ್ಲಿ ಕರೆದೊಯ್ದು ಬೂದು ತಿಮಿಂಗಿಲ ತೋರಿಸಿದರು. 2008ರ ಹೊತ್ತಿಗೆ ವರ್ಷಕ್ಕೆ ಒಂದು ಕೋಟಿ ಮೂವತ್ತು ಲಕ್ಷ ಜನ 119 ದೇಶ ಮತ್ತು ಪ್ರಾಂತ್ಯಗಳಲ್ಲಿ ತಿಮಿಂಗಿಲ ನೋಡಲು ಹೋಗುತ್ತಿದ್ದರು, ಅದರಿಂದ ಹುಟ್ಟಿದ ವಹಿವಾಟು 200 ಕೋಟಿ ಡಾಲರಿಗೂ ಹೆಚ್ಚು. ನ್ಯೂಜಿಲೆಂಡಿನ ಕೈಕೌರಾ ಒಂದು ಕಾಲದಲ್ಲಿ ಬೇಟೆಯ ಊರು. 1987ರಲ್ಲಿ ಅಲ್ಲಿನ ಮಾವೋರಿ ಕುಟುಂಬಗಳು ಸಣ್ಣ ದೋಣಿಯೊಂದಿಗೆ ತಿಮಿಂಗಿಲ ತೋರಿಸುವ ಕೆಲಸ ಶುರುಮಾಡಿದವು, ಇಂದು ಊರೇ ಅದರಿಂದ ಬದುಕಿದೆ. ಸತ್ತ ತಿಮಿಂಗಿಲವನ್ನು ಒಮ್ಮೆ ಮಾರಬಹುದು, ಬದುಕಿರುವುದನ್ನು ಅದು ಇರುವಷ್ಟು ಕಾಲ ತೋರಿಸಬಹುದು ಎಂಬ ಲೆಕ್ಕ ಇದು.

ಈ ಲೆಕ್ಕ ಸರಿಯೇ. ಆದರೆ ಇದೊಂದನ್ನೇ ನೆಚ್ಚಿಕೊಂಡರೆ ಮೋಸಹೋಗುತ್ತೇವೆ. ದುಡ್ಡು ತರುತ್ತದೆ ಎಂಬ ಕಾರಣಕ್ಕೆ ಉಳಿಸಿದ ಜೀವವನ್ನು ದುಡ್ಡು ನಿಂತ ದಿನ ಯಾರು ಉಳಿಸುತ್ತಾರೆ? ಪ್ರವಾಸಿಗರು ಬರದ ವರ್ಷ ತಿಮಿಂಗಿಲದ ಗತಿಯೇನು? ನೋಡಲು ಯಾರೂ ಬಾರದ ದೂರದ ಕಡಲಿನ ತಿಮಿಂಗಿಲಕ್ಕೆ ಬದುಕುವ ಹಕ್ಕಿಲ್ಲವೇ? ನೋಡುವುದರ ನಿಜವಾದ ಬೆಲೆ ಗಲ್ಲಾಪೆಟ್ಟಿಗೆಯಲ್ಲಿಲ್ಲ, ನೋಡಿದವನಲ್ಲಿ ಆಗುವ ಬದಲಾವಣೆಯಲ್ಲಿದೆ. ಇದನ್ನು ನಾನು ತಿಮಿಂಗಿಲದಿಂದ ಕಲಿಯಲಿಲ್ಲ. ನಮ್ಮ ತುಂಗಭದ್ರೆಯ ನೀರುನಾಯಿಯಿಂದ ಕಲಿತೆ.

ಆನೆಗೊಂದಿಯ ಹತ್ತಿರ, ಒಂದು ಚಳಿಗಾಲದ ನಸುಕು. ಹರಗೋಲು ನಡೆಸುವ ಹಿರಿಯರೊಬ್ಬರು ನನ್ನನ್ನು ಬಂಡೆಯ ಮರೆಗೆ ಕೂರಿಸಿ, ‘ಮಾತಾಡಬ್ಯಾಡ್ರಿ, ಗಾಳಿ ಆ ಕಡೆಯಿಂದ ಐತಿ, ನಮ್ಮ ವಾಸನಿ ಹೋಗಂಗಿಲ್ಲ’ ಎಂದರು. ನಮ್ಮೆದುರಿನ ಬಂಡೆಯ ಮೇಲೆ ಬಿಳಿ ಬಿಳಿ ಹಿಕ್ಕೆ, ಬೆರಳಲ್ಲಿ ಉಜ್ಜಿದರೆ ಬರೀ ಮೀನಿನ ಹುರುಪೆ, ಮುಳ್ಳು. ಸ್ವಲ್ಪ ಹೊತ್ತಿಗೆ ಹೊಳೆಯ ನಡುವೆ ನೀರು ಸೀಳಿಕೊಂಡು ನಾಲ್ಕೈದು ಗೆರೆ ಬಂದವು. ಒಂದೊಂದಾಗಿ ಚಪ್ಪಟೆ ತಲೆಗಳು ಮೇಲೆದ್ದವು, ಸಿಳ್ಳೆಯಂಥ ಸಣ್ಣ ದನಿ. ದೊಡ್ಡದೊಂದು ಬಂಡೆ ಹತ್ತಿ ಮೈ ಕೊಡವಿತು, ಮುಂಗಾಲುಗಳಲ್ಲಿ ಮೀನನ್ನು ಒತ್ತಿ ಹಿಡಿದು, ತಲೆಯ ಕಡೆಯಿಂದ ಕಡಿಯಲು ಶುರುಮಾಡಿತು. ಮುಳ್ಳು ಕಡಿಯುವ ಸದ್ದು ನಾವು ಕೂತಲ್ಲಿಗೆ ಕೇಳಿಸುತ್ತಿತ್ತು. ಮರಿಯೊಂದು ಕಿರುಚುತ್ತ ಬಂದಾಗ ಅದು ತಿನ್ನುವುದನ್ನು ನಿಲ್ಲಿಸಿ ಮೀನನ್ನು ಬಿಟ್ಟುಕೊಟ್ಟಿತು. ಅಷ್ಟರಲ್ಲಿ ಆಚೆ ದಡದಲ್ಲಿ ಯಾರದೋ ಗಾಡಿಯಿಂದ ಹಾಡು ಜೋರಾಗಿ ಮೊಳಗಿತು. ಎಲ್ಲ ತಲೆಗಳೂ ಒಟ್ಟಿಗೆ ಅತ್ತ ತಿರುಗಿದವು, ಮರುಗಳಿಗೆಯಲ್ಲಿ ಹೊಳೆ ಖಾಲಿ. ‘ಇನ್ನ ಇವತ್ತು ಬರಂಗಿಲ್ಲ’ ಎಂದು ಹಿರಿಯರು ಹುಟ್ಟು ಎತ್ತಿಕೊಂಡರು.

ಅಂದು ಎರಡು ಮಾತು ತಿಳಿದವು. ಮರಿಗೆ ಮೀನು ಬಿಟ್ಟುಕೊಟ್ಟ ಆ ಪ್ರಾಣಿಯನ್ನು ಕಂಡವನು ಅದರ ಚರ್ಮಕ್ಕೆ ಬೆಲೆ ಕೇಳಲಾರ. ನೋಡುವುದು ನಮ್ಮ ಕೈಯನ್ನು ಹೀಗೆ ತಡೆಯುತ್ತದೆ. ಇನ್ನೊಂದು, ನೋಡುವುದಕ್ಕೂ ಶಿಸ್ತು ಬೇಕು. ಶಿಸ್ತಿಲ್ಲದ ನೋಟ ಬೇಟೆಯ ತಮ್ಮನೇ. ತಿಮಿಂಗಿಲ ನೋಡುವ ಕಡಲುಗಳಲ್ಲೂ ಇದೇ ಪಾಠ. ಎದುರಿನಿಂದ ಅಡ್ಡಗಟ್ಟಬಾರದು, ಸುತ್ತುವರಿಯಬಾರದು, ತಾಯಿ ಮರಿಗಳ ನಡುವೆ ದೋಣಿ ನುಗ್ಗಿಸಬಾರದು, ನೂರು ಮೀಟರಿನಷ್ಟಾದರೂ ದೂರ ಬಿಡಬೇಕು ಎಂಬ ನಿಯಮಗಳು ಹಲವು ದೇಶಗಳಲ್ಲಿವೆ. ಕಾರವಾರದ ಕಾಳಿ ಅಳಿವೆಯ ಆಚೆ ಡಾಲ್ಫಿನ್ ತೋರಿಸುವ ದೋಣಿಗಳಿಗೂ ಸಾಣಾಪುರದ ಹರಗೋಲುಗಳಿಗೂ ಈ ಮಾತು ಒಂದೇ ತೂಕದಲ್ಲಿ ಅನ್ವಯಿಸುತ್ತದೆ.

ಅನೇಕರಿಗೆ ಗೊತ್ತಿಲ್ಲ, ದೇಶದ ಮೊದಲ ನೀರುನಾಯಿ ಸಂರಕ್ಷಣಾ ಮೀಸಲು ಇರುವುದು ನಮ್ಮ ಹೊಳೆಯಲ್ಲೇ. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಕೊಪ್ಪಳ ತಾಲ್ಲೂಕಿನ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಯನ್ನು 2015ರಲ್ಲಿ ಸರ್ಕಾರ ಇದಕ್ಕಾಗಿ ಘೋಷಿಸಿತು. ನೀರುನಾಯಿಯ ಕಥೆಗೂ ತಿಮಿಂಗಿಲದ ಕಥೆಗೂ ಹೋಲಿಕೆ ಬಹಳ. ನೀರಿನಲ್ಲಿ ಬಾಳಿ ಗಾಳಿ ಉಸಿರಾಡುವ ಜೀವಗಳು ಎರಡೂ. ತಿಮಿಂಗಿಲವನ್ನು ಎಣ್ಣೆಗಾಗಿ ಕೊಂದರೆ ನೀರುನಾಯಿಯನ್ನು ತುಪ್ಪಳಕ್ಕಾಗಿ ಕೊಂದರು. ಬಯಸಿದವರು ಎಲ್ಲೋ ದೂರದ ಪೇಟೆಯವರು, ಪ್ರಾಣ ಕೊಟ್ಟದ್ದು ಇಲ್ಲಿನದು. 2019ರಲ್ಲಿ ಭಾರತವೂ ಸೇರಿ ಕೆಲವು ದೇಶಗಳು ಮುಂದಿಟ್ಟ ಪ್ರಸ್ತಾಪದಂತೆ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಈ ನುಣ್ಗೂದಲಿನ ನೀರುನಾಯಿ ಸೇರಿತು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಹೀಗೆ ತಡೆ ಬಿತ್ತು. ತಿಮಿಂಗಿಲಕ್ಕೆ 1982ರಲ್ಲಿ ಆದದ್ದು ನಮ್ಮ ಹೊಳೆಯ ಮರಿಗೆ 2019ರಲ್ಲಿ ಆಯಿತು.

ಆದರೆ ಕಾಗದದ ಮೇಲಿನ ಮೀಸಲು ಹೊಳೆಯನ್ನು ತಾನಾಗಿ ಕಾಯುವುದಿಲ್ಲ. ಸಿಡಿಮದ್ದು ಎಸೆದು ಮೀನು ಹಿಡಿಯುವ ಕೆಟ್ಟ ಚಾಳಿ ಈ ಹೊಳೆಯಲ್ಲೂ ಇದೆ. ಒಂದು ಸಿಡಿತಕ್ಕೆ ದೊಡ್ಡ ಮೀನು, ಮರಿಮೀನು, ಆಮೆ ಎಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ. ಕಾರ್ಖಾನೆ ಹಡಗಿನ ಸಿಡಿತಲೆಯ ಹಾರ್ಪೂನನ್ನು ಖಂಡಿಸುವ ನಾವು ನಮ್ಮ ಹೊಳೆಯ ಸಿಡಿಮದ್ದಿಗೆ ಕಣ್ಣು ಮುಚ್ಚಿದರೆ ನಮ್ಮ ಖಂಡನೆಗೆ ಬಲವೆಲ್ಲಿ? ರಾತ್ರೋರಾತ್ರಿ ಮರಳು ತೆಗೆದು ಹೊಳೆಯ ದಂಡೆ ಕುಸಿದರೆ ನೀರುನಾಯಿ ಮರಿ ಹಾಕಲು ಬಿಲ ಎಲ್ಲಿ ತೋಡಬೇಕು?

ನ್ಯಾಯದ ಇನ್ನೊಂದು ಮುಖವನ್ನೂ ನೋಡಬೇಕು. ನೀರುನಾಯಿ ಬಲೆ ಹರಿದು ಮೀನು ತಿಂದರೆ ನಷ್ಟ ಬೆಸ್ತರದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರಿನ ತೋಳಧಾಮವಿದೆ. 2025ರಲ್ಲಿ ಅಲ್ಲಿ ಒಂದು ತೋಳ ಎಂಟು ಮರಿ ಹಾಕಿದ ಸುದ್ದಿ ಕೇಳಿ ನಾವೆಲ್ಲ ಹಿಗ್ಗಿದೆವು. ಆದರೆ ತೋಳ ಹೊತ್ತೊಯ್ಯುವ ಕುರಿಮರಿ ನಮ್ಮದಲ್ಲ, ಕುರಿಗಾರನದು. ಹಿಂಡಿನಲ್ಲಿ ಒಂದೆರಡು ಮರಿ ತೋಳದ ಪಾಲಿಗೆ ಎಂದು ಲೆಕ್ಕ ಬಿಟ್ಟು ಮಾತಾಡುವ ಹಿರಿಯರನ್ನು ಕುಷ್ಟಗಿಯ ಕಡೆ ಕಂಡಿದ್ದೇನೆ. ಆ ಔದಾರ್ಯ ನಮ್ಮಂಥ ಓದಿದವರಲ್ಲೂ ಅಪರೂಪ. ಆದರೆ ಬಡವನ ಔದಾರ್ಯದ ಮೇಲೆ ನಾಡಿನ ಪ್ರಾಣಿದಯೆಯನ್ನು ನಿಲ್ಲಿಸುವುದು ಅನ್ಯಾಯ. ನೋಡಿ ಸಂತೋಷಪಡುವವರು ಬೇರೆ, ನಷ್ಟ ಉಣ್ಣುವವರು ಬೇರೆ ಆದರೆ ಯಾವ ಸಂರಕ್ಷಣೆಯೂ ಬಹಳ ದಿನ ಬಾಳದು.

ಇದಕ್ಕೆ ದಾರಿ ಇಲ್ಲವೆಂದಲ್ಲ. ಗುಜರಾತಿನ ವೇರಾವಳ ಕರಾವಳಿಯಲ್ಲಿ ತಿಮಿಂಗಿಲ ಶಾರ್ಕ್‌ಗಳನ್ನು ಒಂದು ಕಾಲಕ್ಕೆ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. ಅದು ತಿಮಿಂಗಿಲವಲ್ಲ, ಜಗತ್ತಿನ ಅತಿ ದೊಡ್ಡ ಮೀನು. 2001ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ರಾಮಕಥೆಯ ಪ್ರವಚನಕಾರ ಮೊರಾರಿ ಬಾಪು ಅವರು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿ ಬೆಸ್ತರ ಮನಸ್ಸಿಗೆ ಮುಟ್ಟಿಸಿದರು. ಬಲೆಗೆ ಸಿಕ್ಕಿದ್ದನ್ನು ಬಲೆ ಕತ್ತರಿಸಿ ಬಿಟ್ಟ ಬೆಸ್ತರಿಗೆ ಬಲೆಯ ಪರಿಹಾರ ಕೊಡುವ ವ್ಯವಸ್ಥೆಯೂ ಬಂತು. ಕೊಂದ ಕೈಗಳೇ ನೂರಾರು ಶಾರ್ಕ್‌ಗಳನ್ನು ಕಡಲಿಗೆ ಬಿಟ್ಟವು. ಮಮತೆ, ಕಾನೂನು, ಪರಿಹಾರ ಈ ಮೂರೂ ಅಲ್ಲಿ ಕೂಡಿ ಬಂದವು. ತುಂಗಭದ್ರೆಯ ಬೆಸ್ತರಿಗೆ ಬಲೆಯ ಪರಿಹಾರ, ಬಂಕಾಪುರದ ಸುತ್ತಲಿನ ಕುರಿಗಾರರಿಗೆ ತಡಮಾಡದ ಪರಿಹಾರ, ನೀರುನಾಯಿ ತೋರಿಸುವ ಕೆಲಸದಲ್ಲಿ ಹರಗೋಲಿನವರಿಗೇ ಮೊದಲ ಹಕ್ಕು ಎಂದು ನಾವು ಒತ್ತಾಯಿಸಬೇಕಾದದ್ದು ಇದಕ್ಕೇ.

ತಿಮಿಂಗಿಲದ ಪಾಪದಲ್ಲಿ ನಮ್ಮ ನಾಡಿಗೂ ನೇರ ಪಾಲೊಂದಿದೆ ಎನ್ನುವುದನ್ನು ಮರೆಯಬಾರದು. ಬೆಂಗಳೂರಿನಿಂದ ಕೊಡಗಿನವರೆಗೆ ‘ತಿಮಿಂಗಿಲ ವಾಂತಿ’ ಮಾರುವವರು ಸಿಕ್ಕಿಬಿದ್ದ ಸುದ್ದಿಗಳನ್ನು ಕೆಲವು ವರ್ಷಗಳಿಂದ ಓದುತ್ತಿದ್ದೇವೆ. ಅದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ ಹುಟ್ಟುವ ಅಂಬರ್‌ಗ್ರಿಸ್ ಎಂಬ ವಸ್ತು, ಸುಗಂಧ ದ್ರವ್ಯಕ್ಕೆ ಬಳಕೆಯಾಗುತ್ತದೆ. ತಾನಾಗಿ ದಡಕ್ಕೆ ತೇಲಿಬಂದದ್ದಲ್ಲವೇ, ತಪ್ಪೇನು ಎನ್ನುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ವ್ಯಾಪಾರವನ್ನು ತಡೆದಿರುವುದು ಸರಿಯಾಗಿಯೇ ಇದೆ. ಕೋಟಿಗಟ್ಟಲೆ ಬೆಲೆಯ ಆಸೆ ಒಮ್ಮೆ ಹುಟ್ಟಿದರೆ, ತೇಲಿಬಂದದ್ದನ್ನು ಹೆಕ್ಕುವ ಕೈ ಬದುಕಿರುವುದರ ಹೊಟ್ಟೆ ಸೀಳಲು ಹಿಂಜರಿಯುವುದಿಲ್ಲ. ಅಂಥದನ್ನು ಕೊಳ್ಳಲು ಒಬ್ಬ ಮುಂದೆ ಬಂದರೂ ಸಾಕು, ಬೇಟೆಗೆ ಬಾಗಿಲು ತೆರೆದಂತೆ.

ಕೊನೆಗೆ ನಮ್ಮ ಊರಿನ ಬಂಡೆಗಳ ಹತ್ತಿರ ಬರುತ್ತೇನೆ. ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕನ ಶಾಸನಗಳಿವೆ. ಜಾತ್ರೆಗೆ ಬರುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿ ಆ ಬರಹದ ಮುಂದೆ ನಿಲ್ಲುತ್ತಾರೋ. ಇದೇ ಅಶೋಕ ತನ್ನ ಆಳ್ವಿಕೆಯ 26ನೇ ವರ್ಷದಲ್ಲಿ ಉತ್ತರದ ಕಂಬಗಳ ಮೇಲೆ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನೇ ಕೆತ್ತಿಸಿದ. ಗಿಳಿ, ಬಾವಲಿ, ಆಮೆ, ಮುಳ್ಳುಹಂದಿಗಳ ಜೊತೆಗೆ ಅದರಲ್ಲಿ ಗಂಗಾಪುಪುಟಕ ಎಂಬ ಒಂದು ಹೆಸರಿದೆ. ಅದು ಗಂಗೆಯ ಡಾಲ್ಫಿನ್ ಎಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಡಾಲ್ಫಿನ್ ತಿಮಿಂಗಿಲದ ಬಳಗದ್ದೇ, 2009ರಿಂದ ಅದು ನಮ್ಮ ರಾಷ್ಟ್ರೀಯ ಜಲಚರ. ತಿಮಿಂಗಿಲ ಕುಲದ ಒಂದು ಜೀವವನ್ನು ಕೊಲ್ಲಬೇಡಿ ಎಂದು ರಾಜಾಜ್ಞೆ ಹೊರಡಿಸಿದ ದೇಶ ಇದು, ಅದೂ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ. ಆ ರಾಜನ ಮಾತು ಕೆತ್ತಿದ ಊರಿನವರು ನಾವು. ಜೈನರ ಮಹಾತೀರ್ಥವಾಗಿ ಕೊಪಣವೆಂದು ಹೆಸರಾಗಿದ್ದ ಊರೂ ಇದೇ. ಅಹಿಂಸೆ ನಮಗೆ ಹೊರಗಿನಿಂದ ಬಂದ ಉಪದೇಶವಲ್ಲ.

ಗವಿಮಠದ ಶಾಸನದಲ್ಲಿ ಪ್ರಾಣಿಗಳ ಪಟ್ಟಿ ಇಲ್ಲ. ಅಲ್ಲಿರುವುದು ಇನ್ನೊಂದು ಮಾತು: ಧರ್ಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದಲ್ಲ, ಸಣ್ಣವನೂ ಮನಸ್ಸಿಟ್ಟು ದುಡಿದರೆ ಅದನ್ನು ಪಡೆಯಬಲ್ಲ ಎಂಬುದು ಅದರ ತಿರುಳು. ತಿಮಿಂಗಿಲದ ಪರವಾಗಿ ಕೊಪ್ಪಳದವನು ಏನು ಮಾಡಬಲ್ಲ ಎಂಬ ಪ್ರಶ್ನೆಗೆ ನನಗೆ ಬೇರೆ ಉತ್ತರ ಬೇಕಾಗಿಲ್ಲ. ಹೊಳೆಗೆ ಸಿಡಿಮದ್ದು ಎಸೆಯುವ ಕೈಯನ್ನು ಹಿಡಿಯಿರಿ. ಹರಿದ ಬಲೆಯ ಪರಿಹಾರಕ್ಕೆ ಬೆಸ್ತರೊಂದಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿರಿ. ಅಂಬರ್‌ಗ್ರಿಸ್ ಎಂದು ಯಾರಾದರೂ ಆಸೆ ತೋರಿಸಿದರೆ ಪೊಲೀಸರಿಗೆ ತಿಳಿಸಿ. ಮಕ್ಕಳನ್ನು ಒಂದು ನಸುಕಿನಲ್ಲಿ ಹೊಳೆಯ ದಂಡೆಗೆ ಕರೆದೊಯ್ದು, ಸದ್ದಿಲ್ಲದೆ ಕೂರಿಸಿ, ನೀರುನಾಯಿ ತೋರಿಸಿ. ಹಾಗೆ ಕೂತು ನೋಡಿದ ಮಕ್ಕಳು ನಾಳೆ ಯಾವ ಕಡಲಿನಲ್ಲಿ ಹಾರ್ಪೂನ್ ಎದ್ದರೂ ಬೇಡ ಎನ್ನುತ್ತಾರೆ, ಆ ಮಾತಿಗೆ ಬಲವಿರುತ್ತದೆ.